ಮನೇಲಿ ಬರೋ ಲೆಕ್ಕ ಹಾಲ್‌ನಲ್ಲಿ ಯಾಕೆ ಬಿಟ್ಟು ಬರ್ತಾಳೆ? ಟೈಮ್ ಸಾಲದ ಮಕ್ಕಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮೇಡಂ, ನಮ್ದು ತಿಪಟೂರು ಹತ್ರ. ಮಗಳು ಟೆಂತ್, ಸ್ಟೇಟ್ ಸಿಲಬಸ್. ಮೊನ್ನೆ ಪ್ರಿಪರೇಟರಿ ಗಣಿತದಲ್ಲಿ ಕೊನೇ ಮೂರು ಲೆಕ್ಕ ಮುಟ್ಟೇ ಇಲ್ಲ, ನಾಲ್ಕು ಮಾರ್ಕಿಂದು ಎರಡು, ಐದು ಮಾರ್ಕಿಂದು ಒಂದು, ಒಟ್ಟು 13 ಮಾರ್ಕು ಹೋಯ್ತು. ಮನೆಗೆ ಬಂದು ಅದೇ ಮೂರು ಲೆಕ್ಕ ಕೂತು ಮಾಡಿದ್ಲು, ಮೂರೂ ಸರಿ! ಸಮಾಜದಲ್ಲೂ ಮ್ಯಾಪ್ ಬಿಟ್ಟು ಬಂದಿದಾಳೆ. ಗಣಿತದಲ್ಲಿ ಒಂದು ಮಾರ್ಕಿನ ಪ್ರಶ್ನೆಗಳನ್ನ ಮುಗಿಸೋ ಹೊತ್ತಿಗೇ ಮುಕ್ಕಾಲು ಗಂಟೆ ಆಗಿತ್ತಂತೆ. ಟ್ಯೂಷನ್ ಸರ್ ದಿನಾ ಮೂರು ಗಂಟೆ ಪೇಪರ್ ಬರೆಸಿ ಅಂತಾರೆ, ಅವರಪ್ಪ ಮೊಬೈಲ್ ನೋಡಿ ನೋಡಿ ತಲೆ ಓಡ್ತಿಲ್ಲ ಅಂತ ಬೈತಾರೆ, ಪಕ್ಕದ ಮನೆಯವರು ಬ್ರಾಹ್ಮಿ ಲೇಹ್ಯ ಕೊಡಿ ಅಂತಾರೆ. ನನ್ನ ತಂಗಿ, ಡಾಕ್ಟರ್ ಹತ್ರ ಸರ್ಟಿಫಿಕೇಟ್ ತಂದ್ರೆ ಒಂದು ಗಂಟೆ ಜಾಸ್ತಿ ಕೊಡ್ತಾರೆ ಅಂತಾಳೆ. ಇವಳು ಚಿಕ್ಕೋಳಿದ್ದಾಗಿಂದ್ಲೂ ಎಲ್ಲದರಲ್ಲೂ ನಿಧಾನ. ಎಂಟು ವಾರ ಉಳಿದಿದೆ. ಗಣಿತದ ಉತ್ತರ ಪತ್ರಿಕೆ ಫೋಟೋ ತೆಗೆದು ಕಳಿಸಿದೀನಿ, ನೋಡಿ ಹೇಳಿ.

ಉತ್ತರ: ಫೋಟೋ ಕಳಿಸಿದ್ದು ತುಂಬಾ ಒಳ್ಳೇದಾಯ್ತು, ಅದಿಲ್ದೇ ಇದ್ದಿದ್ರೆ ನಾನೂ ಎಲ್ಲರ ಹಾಗೆ "ಪ್ರಾಕ್ಟೀಸ್ ಮಾಡಿಸಿ, ಧೈರ್ಯ ಹೇಳಿ" ಅಂತ ಬರೆದು ಮುಗಿಸ್ಬೇಕಿತ್ತು. ಹೈಸ್ಕೂಲಲ್ಲಿ ಗಣಿತ ಪಾಠ ಮಾಡಿ, ವ್ಯಾಲ್ಯುಯೇಷನ್ ಕ್ಯಾಂಪುಗಳಲ್ಲಿ ಪೇಪರ್ ತಿದ್ದಿ, ಈಗ ಮಕ್ಕಳ ಕೌನ್ಸೆಲಿಂಗ್ ಮಾಡ್ತಿರೋಳು ನಾನು. "ಟೈಮ್ ಸಾಲಲ್ಲ" ಅಂತ ಬರೋ ಮಕ್ಕಳಲ್ಲಿ ಹೆಚ್ಚಿನವರಿಗೆ ಕೈ ನಿಧಾನ ಇರಲ್ಲ. ಟೈಮ್ ಎಲ್ಲೋ ಒಂದು ಕಡೆ ಸೋರಿ ಹೋಗ್ತಿರತ್ತೆ, ಎಲ್ಲಿ ಅಂತ ಯಾರೂ ನೋಡಿರಲ್ಲ, ನೋಡದೇನೇ ಎಲ್ಲರೂ "ಬೇಗ ಬರಿ ಬೇಗ ಬರಿ" ಅಂತಿರ್ತಾರೆ.

ನಿಮ್ಮ ಮಗಳ ಲೆಕ್ಕವನ್ನೇ ಹಾಕೋಣ. ಇತ್ತೀಚಿನ ವರ್ಷಗಳಲ್ಲಿ ಗಣಿತ ಪೇಪರಲ್ಲಿ 38 ಪ್ರಶ್ನೆ, 80 ಮಾರ್ಕು. ಆಯ್ಕೆ ಪ್ರಶ್ನೆ 8, ಒಂದು ಮಾರ್ಕಿಂದು ಇನ್ನೂ 8, ಎರಡು ಮಾರ್ಕಿಂದು 8, ಮೂರರದ್ದು 9, ನಾಲ್ಕರದ್ದು 4, ಐದರದ್ದು ಒಂದು. ಬರೆಯೋಕೆ ಮೂರು ಗಂಟೆ, ಅದಕ್ಕೆ ಮುಂಚೆ ಓದೋಕೆ 15 ನಿಮಿಷ. 180 ನಿಮಿಷಾನ 80ಕ್ಕೆ ಹಂಚಿದ್ರೆ ಮಾರ್ಕಿಗೆ ಎರಡೂಕಾಲು ನಿಮಿಷ ಬರತ್ತೆ, ನಾನು ಮಕ್ಕಳಿಗೆ ಮಾರ್ಕಿಗೆ ಎರಡು ನಿಮಿಷ ಅಂತ್ಲೇ ಹೇಳೋದು, ಆಗ ಕೊನೇಲಿ ಇಪ್ಪತ್ತು ನಿಮಿಷ ಉಳಿಯತ್ತೆ. ಈ ಲೆಕ್ಕದಲ್ಲಿ ಮೊದಲ 16 ಪ್ರಶ್ನೆಗೆ 32 ನಿಮಿಷ ಸಿಗತ್ತೆ, ನಿಜಕ್ಕೂ ಓದಿರೋ ಮಗುಗೆ ಇಪ್ಪತ್ತೇ ಸಾಕು. ನಿಮ್ಮ ಮಗಳಿಗೆ 45 ಆಗಿದೆ. ಅಂದ್ರೆ 25 ನಿಮಿಷ ಅಲ್ಲೇ ಹೋಯ್ತು. ಬಿಟ್ಟು ಬಂದ 13 ಮಾರ್ಕಿಗೆ ಎಷ್ಟು ನಿಮಿಷ ಬೇಕಿತ್ತು? 26. ಕೊನೇ ಲೆಕ್ಕ ಬಿಟ್ಟು ಹೋಗಿದ್ದು ಕೊನೇಲಿ ಅಲ್ಲ, ಮೊದಲನೇ ಗಂಟೆಯೊಳಗೇ.

ಯಾಕೆ ಅಷ್ಟು ಹೊತ್ತಾಯ್ತು ಅಂತ ಫೋಟೋದಲ್ಲಿ ಕಾಣ್ತಿದೆ. ಆಯ್ಕೆ ಪ್ರಶ್ನೆಗೆ ಕ್ರಮಾಕ್ಷರದ ಜೊತೆ ಪೂರ್ಣ ಉತ್ತರ ಬರೆಯಿರಿ ಅಂತಷ್ಟೇ ಪೇಪರಲ್ಲಿರತ್ತೆ, ಇವಳು ಪ್ರಶ್ನೆನೂ ಪೂರ್ತಿ ಕಾಪಿ ಮಾಡಿದಾಳೆ, ನಾಲ್ಕೂ ಆಯ್ಕೆ ಬರೆದು ಸರಿಯಾಗಿರೋದಕ್ಕೆ ಟಿಕ್ ಹಾಕಿದಾಳೆ. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ನಾಲ್ಕೂ ಕಡೆ ಮಾರ್ಜಿನ್, ಉತ್ತರಕ್ಕೆ ಬಾಕ್ಸು, ಬಾಕ್ಸಿಗೆ ಎರಡು ಗೆರೆ. ನೋಡೋಕೆ ಮದುವೆ ಕಾರ್ಡ್ ಥರ ಇದೆ, ಚೆಂದ ಇಲ್ಲ ಅಂತ ಹೇಳಲ್ಲ, ಆದ್ರೆ ತಿದ್ದೋರ ಕೈಲಿರೋ ಮಾರ್ಕು ಹಂಚಿಕೆ ಸ್ಕೀಮ್‌ನಲ್ಲಿ ಬಾಕ್ಸಿಗೆ ಮಾರ್ಕಿಲ್ಲ. ಇದು ಅವಳ ತಪ್ಪೂ ಅಲ್ಲ ಬಿಡಿ. ಆರನೇ ಕ್ಲಾಸಿಂದ "ನೀಟಾಗಿ ಬರಿ, ಪ್ರಶ್ನೆ ಬರೆದು ಉತ್ತರ ಬರಿ" ಅಂತ ನಾವು ಟೀಚರುಗಳೇ ಹೇಳ್ಕೊಟ್ಟು, ನೀಟಾಗಿದ್ದ ನೋಟ್ಸಿಗೆ ಗುಡ್ ಬರೆದು, ಹತ್ತನೇ ಕ್ಲಾಸಲ್ಲಿ ಇದ್ದಕ್ಕಿದ್ದಂತೆ ಸ್ಪೀಡಿಲ್ಲ ಅಂತ ಬೈದ್ರೆ ಮಗು ಏನ್ ಮಾಡತ್ತೆ.

ಆ ಸರಾಸರಿ ಲೆಕ್ಕ ನೋಡಿ, ಮೂರು ಮಾರ್ಕಿಂದು. ಮಧ್ಯಬಿಂದು 5, 15, 25, 35, 45, ಆವೃತ್ತಿ 4, 6, 12, 8, 10. ಟೇಬಲ್ ಹಾಕಿ ಗುಣಿಸ್ತಾ ಬಂದಿದಾಳೆ, 20, 90, 300 ಸರಿ, ಆಮೇಲೆ 35 ಎಂಟ್ಲಿ ಅನ್ನೋ ಕಡೆ ದಶಕ ಕೂಡೋದು ಮರೆತು 240 ಬರೆದಿದಾಳೆ. ಮೊತ್ತ 1100, ಭಾಗಿಸಿದ್ರೆ 27.5. ಎಲ್ಲೋ ತಪ್ಪಿದೆ ಅಂತ ಅವಳಿಗೇ ಅನ್ಸಿದೆ, ಅದು ಒಳ್ಳೇ ಲಕ್ಷಣ, ಆದ್ರೆ ಏನ್ ಮಾಡಿದಾಳೆ, ಇಡೀ ಟೇಬಲ್‌ಗೆ ಅಡ್ಡ ಗೀಟು ಹಾಕಿ ಮುಂದಿನ ಪುಟದಲ್ಲಿ ಮತ್ತೆ ಸ್ಕೇಲ್ ಇಟ್ಟು ಹೊಸ ಟೇಬಲ್ಲು, ಮತ್ತೆ ಐದೂ ಗುಣಾಕಾರ. ಈ ಸಲ 280, ಮೊತ್ತ 1140, ಉತ್ತರ 28.5. ಸರಿ ಬಂತು, ಆದ್ರೆ ಏಳು ನಿಮಿಷದ ಲೆಕ್ಕಕ್ಕೆ ಎಷ್ಟು ಹೊತ್ತಾಗಿರ್ಬೇಕು ನೀವೇ ಊಹಿಸಿ. ಆ 240 ಒಂದನ್ನ ಹೊಡೆದು ಪಕ್ಕದಲ್ಲಿ 280 ಬರೆದು, ಕೆಳಗೆ ಮೊತ್ತ ತಿದ್ದಿದ್ರೆ ಅರ್ಧ ನಿಮಿಷದ ಕೆಲಸ. ತಿದ್ದದೇ ಹಾಗೇ ಬಿಟ್ಟಿದ್ರೂ ಅರ್ಧವೋ ಒಂದೋ ಮಾರ್ಕು ಹೋಗ್ತಿತ್ತು ಅಷ್ಟೇ, ಯಾಕಂದ್ರೆ ಗಣಿತದಲ್ಲಿ ಸ್ಟೆಪ್‌ಗೆ ಮಾರ್ಕು: ಟೇಬಲ್‌ಗೆ ಇಷ್ಟು, ಸೂತ್ರಕ್ಕೆ ಇಷ್ಟು, ಬೆಲೆ ಹಾಕಿದ್ದಕ್ಕೆ ಇಷ್ಟು ಅಂತ. ಹೊಡೆದು ಬರೆದ್ರೆ ಮಾರ್ಕು ಕಟ್ ಮಾಡ್ತಾರೆ ಅನ್ನೋದು ಮಕ್ಕಳಲ್ಲಿ ತುಂಬಾ ಆಳವಾಗಿ ಕೂತಿರೋ ಭಯ. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಉತ್ತರ ಬರೆದಿದ್ರೆ ಯಾರೂ ಕಟ್ ಮಾಡಲ್ಲ, ಇದನ್ನ ಅವಳಿಗೆ ನನ್ನ ಹೆಸರು ಹೇಳಿ ಬೇಕಾದ್ರೂ ಹೇಳಿ.

ಇನ್ನು ನಿಮಗೆ ಬಂದಿರೋ ಸಲಹೆಗಳು. ಲೇಹ್ಯದ್ದು ಒಂದೇ ಮಾತಲ್ಲಿ ಮುಗಿಸ್ತೀನಿ, ಎಂಟು ವಾರದಲ್ಲಿ ಬರೆಯೋ ಸ್ಪೀಡು ಜಾಸ್ತಿ ಮಾಡೋ ಲೇಹ್ಯ, ಟಾನಿಕ್, ಬಾದಾಮಿ ಯಾವುದೂ ಇಲ್ಲ, ಬಾದಾಮಿ ಬೇಕಾದ್ರೆ ರುಚಿಗೆ ತಿನ್ಲಿ. ಒಂದು ರಕ್ತ ಪರೀಕ್ಷೆ ಮಾತ್ರ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗೀರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ. ಹಿಮೋಗ್ಲೋಬಿನ್ ಕಮ್ಮಿ ಇದ್ರೆ ಮೂರು ಗಂಟೆ ಕೂತು ಗಮನ ಕೊಡೋದೇ ಕಷ್ಟ, ಸುಸ್ತಾಗಿರೋ ಮಗೂನ ನಿಧಾನ ಅಂತ ಬೈತಿರ್ತೀವಿ. ಹಾಗೇ ಕಣ್ಣು ತೋರಿಸ್ಕೊಂಡು ಬನ್ನಿ, ಎರಡೂ ತಾಲ್ಲೂಕು ಆಸ್ಪತ್ರೇಲೇ ಆಗತ್ತೆ.

ಮೊಬೈಲ್ ವಿಷಯಕ್ಕೆ ಅವರಪ್ಪ ಹೇಳೋದ್ರಲ್ಲಿ ಅರ್ಧ ನಿಜ ಇದೆ. ರಾತ್ರಿ ಹನ್ನೊಂದೂವರೆ ತನಕ ನೋಡಿ ಐದಕ್ಕೆ ಎದ್ದು ಓದೋಕೆ ಕೂತ್ರೆ ನಿದ್ದೆ ಕಮ್ಮಿ, ನಿದ್ದೆ ಕಮ್ಮಿ ಆದ್ರೆ ಲೆಕ್ಕದಲ್ಲಿ ದಶಕ ಮರೆಯೋದು ಜಾಸ್ತಿ. ಅಷ್ಟು ಮಟ್ಟಿಗೆ ಸರಿ. ಆದ್ರೆ ಮೊಬೈಲ್ ಕಿತ್ಕೊಂಡ ತಕ್ಷಣ ಮಾರ್ಜಿನ್ ಹಾಕೋದು ನಿಲ್ಲಲ್ಲ ಅಲ್ವಾ.

"ನಿಧಾನ ಅಂದ್ರೆ ದಡ್ಡಿ" ಅನ್ನೋದು ಎಲ್ಲಕ್ಕಿಂತ ಹಳೇ ತಪ್ಪು ತಿಳುವಳಿಕೆ. ನೀವು ಆ ಮಾತು ಬರೆದಿಲ್ಲ, ಆದ್ರೆ ಅವಳ ಕಿವಿಗೆ ಎಲ್ಲಿಂದಲಾದ್ರೂ ಬಿದ್ದಿರತ್ತೆ. ವಿಷಯ ಗೊತ್ತಿರೋದು ಬೇರೆ, ಅದನ್ನ ಇಂತಿಷ್ಟೇ ಹೊತ್ತಲ್ಲಿ ಬರೆದು ತೋರಿಸೋದು ಬೇರೆ, ಮೂರು ಗಂಟೆ ಪೇಪರು ಎರಡನ್ನೂ ಒಟ್ಟಿಗೆ ಅಳೆದು ಒಂದೇ ನಂಬರ್ ಕೊಡತ್ತೆ. ದೊಡ್ಡ ದೊಡ್ಡ ಕಡೆನೂ ಈ ಚರ್ಚೆ ಆಗಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2017ರಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಪೇಪರುಗಳಿಗೆ 15 ನಿಮಿಷ ಜಾಸ್ತಿ ಕೊಡ್ತು, ಪ್ರಶ್ನೆ ಸುಲಭ ಮಾಡಲಿಲ್ಲ, ಟೈಮ್ ಮಾತ್ರ ಹೆಚ್ಚು, ಟೈಮಿನ ಒತ್ತಡ ಹುಡುಗೀರಿಗೆ ಹೆಚ್ಚು ತಟ್ಟತ್ತೆ ಅನ್ನೋ ಕಾರಣ ಕೊಟ್ಟು. ನಮ್ಮಲ್ಲಿ ಅಂಥದ್ದು ಆಗೋ ತನಕ ಕಾಯೋಕಾಗಲ್ಲ, ಇರೋ ಮೂರು ಗಂಟೆಯೊಳಗೇ ದಾರಿ ಹುಡುಕ್ಬೇಕು, ಆದ್ರೆ ಅವಳ ತಲೆ ಬಗ್ಗೆ ಅವಳಿಗೆ ಅನುಮಾನ ಬರೋ ಥರ ಮಾತಾಡೋದು ಬೇಡ.

ಯಾಕಂದ್ರೆ ಭಯಕ್ಕೂ ಟೈಮಿಗೂ ನೇರ ಸಂಬಂಧ ಇದೆ. ಲೆಕ್ಕ ಮಾಡುವಾಗ ನಾಲ್ಕೈದು ವಿಷಯ ಒಟ್ಟಿಗೆ ತಲೇಲಿ ಹಿಡ್ಕೊಂಡಿರ್ಬೇಕು, ಮನಃಶಾಸ್ತ್ರದಲ್ಲಿ ಇದಕ್ಕೆ ವರ್ಕಿಂಗ್ ಮೆಮೊರಿ ಅಂತೀವಿ, ಅದರಲ್ಲಿ ಜಾಗ ತುಂಬಾ ಕಮ್ಮಿ. "ಅಯ್ಯೋ ಹನ್ನೆರಡಾಯ್ತು, ಪಕ್ಕದೋಳು ಅಡಿಷನಲ್ ಶೀಟ್ ತಗೊಂಡ್ಲು, ಅಪ್ಪ ಬೈತಾರೆ" ಅನ್ನೋ ಯೋಚನೆಗಳೂ ಅದೇ ಜಾಗದಲ್ಲೇ ಬಂದು ಕೂರ್ತವೆ. ಆಗ ಕ್ಯಾರಿ ಮಾಡ್ಬೇಕಾದ ದಶಕಕ್ಕೆ ಜಾಗ ಇರಲ್ಲ. ತಪ್ಪಾಗತ್ತೆ, ತಿದ್ದೋಕೆ ಹೊತ್ತಾಗತ್ತೆ, ಹೊತ್ತಾದಷ್ಟೂ ಭಯ. ಮನೇಲಿ ಅದೇ ಲೆಕ್ಕ ಬಂದಿದ್ದು ಇದಕ್ಕೇನೇ. ನಾಟಕ ಏನೂ ಇಲ್ಲ ಅದರಲ್ಲಿ. ಈಗಂತೂ 2024ರಿಂದ ಎಸ್ಸೆಸ್ಸೆಲ್ಸಿ ಹಾಲ್‌ಗಳಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬೇರೆ, ಕಾಪಿ ತಡೆಯೋಕೆ ಅದು ಬೇಕಿತ್ತು ಅಂತ್ಲೇ ನನ್ನ ಅಭಿಪ್ರಾಯ, ಆದ್ರೆ ಪ್ರಾಮಾಣಿಕವಾಗಿ ಬರೆಯೋ ಮಗೂನೂ ಮೊದಲನೇ ದಿನ ಕ್ಯಾಮೆರಾ ಕಡೆ ನೋಡ್ತಾ ಹತ್ತು ನಿಮಿಷ ಕಳ್ಕೊಂಡು ಬರತ್ತೆ. ಕ್ಯಾಮೆರಾ ಇರತ್ತೆ, ಅದು ನಿನ್ನನ್ನ ನೋಡೋಕಲ್ಲ ಅಂತ ಮೊದಲೇ ಹೇಳಿಟ್ಟಿರಿ.

ಟ್ಯೂಷನ್ ಸರ್ ಹೇಳಿದ ದಿನಾ ಮೂರು ಗಂಟೆ ಪೇಪರ್ ನನಗೆ ಒಪ್ಪಿಗೆ ಇಲ್ಲ, ಈಗಂತೂ ಬೇಡ. ಸೋರೋ ಜಾಗ ಮುಚ್ಚದೇ ದಿನಾ ಪೂರ್ತಿ ಪೇಪರ್ ಬರೆಸಿದ್ರೆ ದಿನಾ ಹದಿಮೂರು ಮಾರ್ಕು ಬಿಡೋದನ್ನೇ ಅಭ್ಯಾಸ ಮಾಡಿಸಿದ ಹಾಗಾಗತ್ತೆ. ಸ್ಕೂಲು ಮುಗಿಸಿ, ಟ್ಯೂಷನ್ ಮುಗಿಸಿ ಬಂದ ಮಗು ರಾತ್ರಿ ಎಂಟಕ್ಕೆ ಪೇಪರ್ ಬರೆಯೋಕೆ ಕೂತ್ರೆ ಬೆರಳು ನೋವು, ಬೇಜಾರು, ಮಾರನೇ ದಿನ ಓದೋಕೂ ಮನಸ್ಸಿರಲ್ಲ. ಅದರ ಬದಲು ಮೊದಲ ವಾರ ಅವಳು ಬರೆಯೋದನ್ನ ಬರೀ ಅಳೀರಿ. ಹಳೇ ಪೇಪರಿಂದ ಹತ್ತು ಮಾರ್ಕಿನಷ್ಟು ಪ್ರಶ್ನೆ ಕೊಡಿ, ನೀವು ಅಡುಗೆಮನೇಲಿದ್ರೂ ಪರವಾಗಿಲ್ಲ, ಅವಳೇ ಗಡಿಯಾರ ನೋಡಿ ಪ್ರತಿ ಪ್ರಶ್ನೆ ಪಕ್ಕದಲ್ಲಿ ಪೆನ್ಸಿಲಲ್ಲಿ ಬರೀಲಿ: ಓದಿ ಅರ್ಥ ಆಗೋಕೆ ಎಷ್ಟು, ಯೋಚನೆಗೆ ಎಷ್ಟು, ಬರೆಯೋಕೆ ಎಷ್ಟು, ತಿದ್ದೋಕೆ ಎಷ್ಟು. ಕರಾರುವಾಕ್ಕಾಗಿ ಬೇಡ, ಅಂದಾಜು ಸಾಕು. ನಾಲ್ಕೈದು ದಿನದಲ್ಲಿ ಯಾವ ಕಾಲಂ ಉಬ್ಬಿದೆ ಅಂತ ಗೊತ್ತಾಗತ್ತೆ. ಓದೋದ್ರಲ್ಲಿ ಹೊತ್ತು ಹೋಗ್ತಿದ್ರೆ ಅದು ಭಾಷೆ ಸಮಸ್ಯೆ, ಇಂಗ್ಲಿಷ್ ಮೀಡಿಯಂ ಮಕ್ಕಳಲ್ಲಿ ತುಂಬಾ ಇದೆ, ಪ್ರಶ್ನೇನ ಮನಸ್ಸಲ್ಲೇ ಕನ್ನಡಕ್ಕೆ ಮಾಡ್ಕೊಂಡು ಆಮೇಲೆ ಶುರು ಮಾಡ್ತಾರೆ. ಯೋಚನೇಲಿ ಹೋಗ್ತಿದ್ರೆ ಆ ಪಾಠ ಇನ್ನೂ ಗಟ್ಟಿ ಆಗಿಲ್ಲ, ಅಥವಾ ಮಗ್ಗಿ ಬಾಯಿಗೆ ಬರ್ತಿಲ್ಲ. ಹತ್ತನೇ ಕ್ಲಾಸಿನ ಮಗುಗೆ ಮಗ್ಗಿ ಹೇಳ್ಸೋಕೆ ನಾಚಿಕೆ ಪಡ್ಬೇಡಿ, ದಿನಕ್ಕೆ ಐದು ನಿಮಿಷ ಇಪ್ಪತ್ತರ ತನಕ, ಇದರಷ್ಟು ಕಮ್ಮಿ ಖರ್ಚಲ್ಲಿ ಟೈಮ್ ಉಳಿಸೋ ಕೆಲಸ ನನಗೆ ಇನ್ನೊಂದು ಗೊತ್ತಿಲ್ಲ. ನಿಮ್ಮ ಮಗಳಿಗೆ ನನ್ನ ಅಂದಾಜಲ್ಲಿ ಬರೆಯೋ ಮತ್ತು ತಿದ್ದೋ ಕಾಲಂಗಳೇ ಉಬ್ಬಿರತ್ತೆ.

ಆಮೇಲೆ ತುಂಡು ತುಂಡಾಗಿ ಅಭ್ಯಾಸ. ಒಂದು ದಿನ ಬರೀ ಒಂದು ಮಾರ್ಕಿನ ಹದಿನಾರು, ಮಾರ್ಜಿನ್ ಇಲ್ಲ, ಪ್ರಶ್ನೆ ಕಾಪಿ ಇಲ್ಲ, ನಂಬರ್ ಮತ್ತು ಉತ್ತರ ಅಷ್ಟೇ. ಇನ್ನೊಂದು ದಿನ ಮೂರು ಮಾರ್ಕಿನ ನಾಲ್ಕು ಲೆಕ್ಕ, ಅರ್ಧ ಗಂಟೆ. ಪೂರ್ತಿ ಪೇಪರ್ ವಾರಕ್ಕೆ ಒಂದು ಸಾಕು, ಅದನ್ನ ಭಾನುವಾರ ಬೆಳಿಗ್ಗೆ ಹತ್ತಕ್ಕೇ ಬರೆಸಿ, ನಿಜವಾದ ಪರೀಕ್ಷೆ ಟೈಮೂ ಅದೇ, ಹೊಟ್ಟೆಗೂ ತಲೆಗೂ ಆ ಹೊತ್ತು ಅಭ್ಯಾಸ ಆಗ್ಲಿ.

ಸಮಾಜಕ್ಕೂ ಒಂದು ಮಾತು, ಎರಡು ಮಾರ್ಕಿನ ಪ್ರಶ್ನೆಗೆ ಅವಳು ಒಂದು ಪುಟ ಬರೀತಿರ್ಬಹುದು, ಗೊತ್ತಿರೋದೆಲ್ಲ ಬರೀಬೇಕು ಅಂತ ಆಸೆ. ತಿದ್ದೋರು ಪಾಯಿಂಟ್ ಹುಡುಕ್ತಾರೆ, ಪುಟ ಎಣಿಸಲ್ಲ. ಮ್ಯಾಪ್ ಮೊದಲೇ ಹಾಕಿಬಿಡ್ಲಿ, ಅದು ಕೊನೇಲಿರತ್ತೆ ಅಂತ ಕೊನೇಲೇ ಬರೀಬೇಕು ಅಂತಿಲ್ಲ.

ಹಾಗಂತ ಪ್ರಶ್ನೆ ಹಿಂದೆ ಮುಂದೆ ಮಾಡಿ ಬರೆಯೋದ್ರಲ್ಲೂ ಅಪಾಯ ಇದೆ. ಬಿಟ್ಟು ಮುಂದೆ ಹೋಗೋದು ಒಳ್ಳೇ ಉಪಾಯ, ಮೂರು ಮಾರ್ಕಿನ ಲೆಕ್ಕದಲ್ಲಿ ಹತ್ತು ನಿಮಿಷ ಆದ್ರೂ ದಾರಿ ಕಾಣ್ದೇ ಇದ್ರೆ ಅಲ್ಲಿಗೆ ನಿಲ್ಲಿಸಿ ಅರ್ಧ ಪುಟ ಖಾಲಿ ಬಿಟ್ಟು ಹೊರಡ್ಬೇಕು. ಆದ್ರೆ ಪ್ರಶ್ನೆ ನಂಬರ್ ತಪ್ಪು ಹಾಕೋದು, ಬಿಟ್ಟಿದ್ದನ್ನ ಮರೆತೇ ಬಿಡೋದು, ಇವೆರಡೂ ಪ್ರತಿ ಕ್ಯಾಂಪಲ್ಲೂ ನೋಡೋದೇ. ಪ್ರಶ್ನೆ ಪತ್ರಿಕೇಲೂ ಗುರುತು ಹಾಕೋಕೆ ಬಿಡಲ್ಲ, ಅದಕ್ಕೆ ಉತ್ತರ ಪತ್ರಿಕೆ ಕೊನೇ ಪುಟದ ರಫ್ ವರ್ಕ್ ಜಾಗದಲ್ಲಿ ಬಿಟ್ಟ ನಂಬರ್ ಬರ್ಕೊಳ್ಳೋದು ಈಗಿಂದ್ಲೇ ರೂಢಿ ಆಗ್ಲಿ. ಈ ಉಪಾಯಾನ ಪರೀಕ್ಷೆ ದಿನ ಮೊದಲನೇ ಸಲ ಪ್ರಯೋಗ ಮಾಡೋದು ಬೇಡವೇ ಬೇಡ. ಓದೋಕೆ ಕೊಡೋ 15 ನಿಮಿಷದಲ್ಲಿ ಎಷ್ಟೋ ಮಕ್ಕಳು ಮೊದಲನೇ ಪ್ರಶ್ನೆಗೇ ಮನಸ್ಸಲ್ಲಿ ಉತ್ತರ ಹುಡುಕ್ತಾ ಕೂತಿರ್ತಾರೆ. ಅದರ ಬದಲು ಹಿಂದಿನ ಪುಟದಿಂದ ಓದ್ಲಿ. "ಅಥವಾ" ಇರೋ ಕಡೆ ಯಾವುದು ಬರೀತೀನಿ ಅಂತ ಆಗ್ಲೇ ತೀರ್ಮಾನ ಮಾಡ್ಲಿ, ಅರ್ಧ ಬರೆದ ಮೇಲೆ ಇನ್ನೊಂದಕ್ಕೆ ಹಾರೋದಕ್ಕಿಂತ ದುಬಾರಿ ತಪ್ಪಿಲ್ಲ.

ಈಗ ನಿಮ್ಮ ತಂಗಿ ಹೇಳಿದ ಸರ್ಟಿಫಿಕೇಟ್. ಅವರು ಕೇಳಿರೋದು ಸುಳ್ಳಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಕಲಿಕಾ ನ್ಯೂನತೆನೂ ಸೇರಿದೆ, ಓದೋದೇ ಕಷ್ಟ ಆಗೋ ಡಿಸ್ಲೆಕ್ಸಿಯಾ ಥರದ್ದು. ಬರವಣಿಗೆಗೆ ಸಹಾಯ ಬೇಕಾಗೋರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡ್ಬೇಕು ಅಂತ ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು, ಮೂರು ಗಂಟೆಗೆ ಒಂದು ಗಂಟೆ ಅನ್ನೋ ಲೆಕ್ಕ ಅಲ್ಲಿಂದ ಬಂದಿದ್ದು. ನಮ್ಮ ರಾಜ್ಯದ ಪರೀಕ್ಷಾ ಮಂಡಳಿನೂ ಇಂಥ ಮಕ್ಕಳಿಗೆ ವಿನಾಯಿತಿ ಕೊಡತ್ತೆ, ಅರ್ಜಿ ಶಾಲೆ ಮೂಲಕ, ಪರೀಕ್ಷೆಗೆ ಬಹಳ ಮುಂಚೆನೇ ಹೋಗ್ಬೇಕು. ಆದ್ರೆ ಇದು "ನಿಧಾನ" ಅನ್ನೋ ಕಾರಣಕ್ಕೆ ಸಿಗೋದಲ್ಲ, ಯಾರೋ ಪರಿಚಯದ ಡಾಕ್ಟರ್ ಲೆಟರ್‌ಹೆಡ್ಡಲ್ಲಿ ಬರೆದುಕೊಟ್ರೆ ನಡೆಯೋದೂ ಅಲ್ಲ. ಸರಿಯಾದ ಪರೀಕ್ಷೆ ಮಾಡಿಸ್ಬೇಕು, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇಂಥ ಕಡೆ ಮಾಡ್ತಾರೆ. ಸುಳ್ಳು ಸರ್ಟಿಫಿಕೇಟ್ ಮಾಡಿಸೋದು ತಪ್ಪು ಅನ್ನೋದರ ಜೊತೆಗೆ, ನನಗೇನೋ ತೊಂದರೆ ಇದೆ ಅಂತ ಮಗು ನಂಬ್ಕೊಂಡುಬಿಡತ್ತೆ, ಅದು ಮಾರ್ಕಿಗಿಂತ ದೊಡ್ಡ ನಷ್ಟ.

ನಿಮ್ಮ ಮಗಳಿಗೆ ಆ ತೊಂದರೆ ಇರ್ಬಹುದಾ? ಫೋಟೋ ನೋಡಿ ಹೇಳೋದಾದ್ರೆ ಹಾಗನ್ಸಲ್ಲ. ಅಕ್ಷರ ಒಂದೇ ಅಳತೆಲಿದೆ, ಸಾಲು ನೇರ ಇದೆ, ಅಂಕಿ ಹಿಂದೆಮುಂದೆ ಆಗಿಲ್ಲ. ಆದ್ರೂ ಕೆಲವು ವಿಷಯ ನೀವೇ ನೆನಪು ಮಾಡ್ಕೊಳ್ಳಿ: ಚಿಕ್ಕ ಕ್ಲಾಸಲ್ಲೂ ಬೋರ್ಡಿಂದ ಕಾಪಿ ಮಾಡೋದು ಯಾವಾಗ್ಲೂ ಬಾಕಿ ಇರ್ತಿತ್ತಾ, ಗಟ್ಟಿಯಾಗಿ ಓದು ಅಂದ್ರೆ ಈಗ್ಲೂ ಪದ ಬಿಟ್ಟು ಓದ್ತಾಳಾ, ಬಾಯಲ್ಲಿ ಚೆನ್ನಾಗಿ ಹೇಳಿ ಬರೆಯೋಕೆ ಹೋದ್ರೆ ಅರ್ಧಕ್ಕರ್ಧ ಕಾಣೆಯಾಗತ್ತಾ, ಒಂದು ಪುಟ ಬರೆಯೋ ಹೊತ್ತಿಗೆ ಕೈ ಕೊಡವ್ತಾಳಾ. ಇವು ವರ್ಷಗಟ್ಟಲೆಯಿಂದ ಇದ್ರೆ ಕ್ಲಾಸ್ ಟೀಚರ್ ಹತ್ರ ಇವತ್ತೇ ಮಾತಾಡಿ, ಸಂಕೋಚ ಬೇಡ, ಅದು ಹುಚ್ಚಲ್ಲ, ಸೋಮಾರಿತನ ಅಲ್ಲ. ಈ ಪರೀಕ್ಷೆಗೆ ಅರ್ಜಿ ಟೈಮ್ ಮುಗಿದಿದ್ರೂ ಪಿಯುಸಿಗೆ ಉಪಯೋಗಕ್ಕೆ ಬರತ್ತೆ. ಇಲ್ಲ ಅಂದ್ರೆ ಈ ದಾರಿ ಮರೆತುಬಿಡಿ. ಇನ್ನೊಂದು, ಪರೀಕ್ಷೆ ಹಿಂದಿನ ರಾತ್ರಿ ವಾಂತಿ, ಕೈ ನಡುಕ, ಹಾಲ್‌ನಲ್ಲಿ ಎಲ್ಲ ಖಾಲಿ ಆದ ಹಾಗಾಗೋದು ಇದ್ರೆ ಅದು ಬೇರೆ ವಿಷಯ, ಅದಕ್ಕೆ ಕೌನ್ಸೆಲರ್ ಅಥವಾ ಮನೋವೈದ್ಯರು ಬೇಕು, ಪ್ರಾಕ್ಟೀಸ್ ಪೇಪರಿಂದ ಹೋಗಲ್ಲ.

ಎಲ್ಲ ಮಾಡಿದ್ರೂ ನಾಲ್ಕು ಮಾರ್ಕಿಂದು ಒಂದು ಬಿಟ್ಟು ಬಂದ್ಲು ಅಂತಿಟ್ಕೊಳ್ಳಿ. ಬರ್ಲಿ. ಖಾಲಿ ಬಿಡದೇ ಸೂತ್ರ, ದತ್ತ, ಮೊದಲನೇ ಸ್ಟೆಪ್ ಬರೆದು ಬಂದ್ರೆ ಅದಕ್ಕೂ ಒಂದೋ ಒಂದೂವರೆನೋ ಸಿಗತ್ತೆ, ಕೊನೇ ಐದು ನಿಮಿಷ ಉಳಿದು ಎರಡು ಲೆಕ್ಕ ಬಾಕಿ ಇದ್ರೆ ಒಂದನ್ನ ಪೂರ್ತಿ ಮಾಡೋಕೆ ಒದ್ದಾಡೋದಕ್ಕಿಂತ ಎರಡರದ್ದೂ ಮೊದಲ ಸ್ಟೆಪ್ಪುಗಳನ್ನ ಬರೆಯೋದು ಲಾಭ. ಜೊತೆಗೆ 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಪಾಸಾದವರೂ ಮಾರ್ಕು ಸಾಲ್ದು ಅನ್ಸಿದ್ರೆ ಪರೀಕ್ಷೆ-2 ಬರೆದು ಯಾವುದು ಹೆಚ್ಚೋ ಅದನ್ನ ಇಟ್ಕೊಳ್ಬಹುದು. ಇದನ್ನ ಅವಳಿಗೆ ಈಗ್ಲೇ ಹೇಳ್ಬೇಕಾ ಅಂತ ಪೋಷಕರು ಕೇಳ್ತಾರೆ, ಸಡಿಲ ಬಿಟ್ಟುಬಿಡ್ತಾರೆ ಅನ್ನೋ ಹೆದರಿಕೆ. ಆಗ್ಲೇ ಸಡಿಲ ಇರೋ ಮಗುಗೆ ಹೇಳ್ಬೇಡಿ. ನಿಮ್ಮ ಮಗಳ ಥರ ಟೇಬಲ್ ಎರಡು ಸಲ ಹಾಕೋ ಮಗುಗೆ ಖಂಡಿತ ಹೇಳಿ. ರಿಸ್ಕ್ ಏನಂದ್ರೆ ಎರಡನೇದಕ್ಕೆ ಓದ್ತಾ ಕೂತ್ರೆ ಪಿಯು ಅಡ್ಮಿಷನ್ ಓಡಾಟ, ರಜೆ ಎಲ್ಲ ಒಟ್ಟಿಗೆ ಬರತ್ತೆ, ಐದಾರು ಮಾರ್ಕಿಗೋಸ್ಕರ ಅದು ಬೇಕಾ ಅಂತ ರಿಸಲ್ಟ್ ಬಂದ್ಮೇಲೆ ಯೋಚಿಸಿದ್ರಾಯ್ತು.

ಪರೀಕ್ಷೆ ದಿನಗಳಲ್ಲಿ ನಿಮ್ಮಿಬ್ಬರ ಕೈಲಿರೋ ಕೆಲಸ ಒಂದೇ. ಹಾಲ್‌ನಿಂದ ಹೊರಗೆ ಬಂದ ತಕ್ಷಣ ಗೇಟ್ ಹತ್ರಾನೇ "ಎಷ್ಟು ಬಿಟ್ಟೆ?" ಅಂತ ಕೇಳ್ಬೇಡಿ, ಅವರಪ್ಪನಿಗೂ ಹೇಳಿ. ಮೊದಲು ಊಟ ಹಾಕಿ.

ಮೊದಲನೇ ವಾರದ್ದು ಆ ನಾಲ್ಕು ಕಾಲಂ ಚೀಟಿ ಮುಗಿದ್ಮೇಲೆ ಫೋಟೋ ಕಳಿಸಿ. ನನ್ನ ಅಂದಾಜು ತಪ್ಪಿ ಓದೋ ಕಾಲಂ ಉಬ್ಬಿದ್ರೆ ಮಾಡ್ಬೇಕಾದ್ದು ಬೇರೆನೇ ಇದೆ.